ಬಿಂದು ಕೂತ ಬಾಗಿಲು

ಬಿಂದುವಿನ ಮೈಗೆ ಬ್ರಷ್ ಹಾಕುವಾಗ ಮುನಿಕೃಷ್ಣ ಅದರ ಮುಖ ನೋಡುತ್ತಿರಲಿಲ್ಲ. ಎರಡು ತಿಂಗಳಿಂದ ಹೀಗೆ. ಬೆನ್ನು, ಪಕ್ಕೆ, ತೊಡೆ, ಒಂದೊಂದು ಕಾಲಿನ ಬೆರಳ ಸಂದಿ, ಎಲ್ಲವನ್ನೂ ಮೊದಲಿಗಿಂತ ಜಾಸ್ತಿ ಹೊತ್ತು ಉಜ್ಜುತ್ತಿದ್ದ. ಕುತ್ತಿಗೆಗೆ ಬಂದ ಕೂಡಲೇ ಕೈ ಅವಸರ ಮಾಡುತ್ತಿತ್ತು. ಬಿಂದುವಿಗೆ ಇದೇನೂ ತಿಳಿಯದು. ಶ್ವಾನದಳದ ಆ ಕಪ್ಪು ಡಾಬರ್‌ಮನ್ ಹೆಣ್ಣುನಾಯಿ ಐದು ವರ್ಷದಿಂದ ಅವನ ಕೈಯಲ್ಲೇ ಉಂಡು, ಅವನ ಮಾತಿಗೇ ಎದ್ದು ಕೂತು ಬೆಳೆದದ್ದು. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಅದಕ್ಕೆ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಇವತ್ತು ಅವನಿಗೆ ಅನ್ನಿಸಿತು. ಒಂದು ದಿನ ಕೈಗೆ ಬಾಯಿ ಹಾಕಿದ್ದರೂ ಎಷ್ಟೋ ಹಗುರವಾಗುತ್ತಿತ್ತು. ಅದು ಮಾತ್ರ ಎಂದಿನಂತೆ ಅವನ ಮಂಡಿಗೆ ಮೈ ಒರಗಿಸಿ ನಿಂತಿತ್ತು. ನಿನ್ನೆ ಕಚೇರಿಯಲ್ಲಿ ಗುಮಾಸ್ತೆ ವಾಣಿಶ್ರೀ ಅವನನ್ನು ಕರೆದು, ಬಿಂದುವಿನ ಹೆಸರನ್ನು ಪದಕಕ್ಕೆ ಕಳಿಸುತ್ತಿದ್ದಾರೆ, ಒಂಬತ್ತು ಕೇಸು ಟೈಪ್ ಮಾಡಿದ್ದೀನಿ, ನೋಡಿ ಸಹಿ ಹಾಕಿ ಸಾರ್ ಎಂದಿದ್ದಳು. ಒಂದೊಂದರ ಮೇಲೂ ಬೆರಳಿಟ್ಟು ಓದಿದಳು. ಏಳನೆಯದು ಹುತ್ತೂರು ಹೋಬಳಿಯ ಒಂದು ಊರಿನ ಚಿನ್ನದ ಸರದ ಕಳವು. ಶ್ವಾನವು ಶಂಕಿತೆಯ ಮನೆಯನ್ನು ಗುರುತಿಸಿರುತ್ತದೆ. ಶಂಕಿತೆ ಅಂದರೆ ಆ ವಯಸ್ಸಾದ ಹೆಂಗಸಲ್ಲವಾ, ಆಮೇಲೆ ಏನಾಯಿತು ಸಾರ್ ಎಂದು, ಕಾಫಿ ಆಯಿತಾ ಅನ್ನುವ ಹಾಗೆ, ಕೇಳಿದಳು. ತನಿಖೆ ನಡೀತಿದೆ ಎಂದ. ತನಿಖೆಯೂ ಇಲ್ಲ, ಏನೂ ಇಲ್ಲ. ಸರ ಸಿಗಲಿಲ್ಲ, ಕಡತದ ಮೇಲೆ ಬೇರೆ ಕಡತಗಳು ಬಿದ್ದವು. ನಾಳಿದ್ದು ಸಹಿ ಹಾಕುತ್ತೇನೆಂದು ಹೇಳಿ ಇವತ್ತಿಗೆ ರಜೆ ಬರೆದುಕೊಟ್ಟಿದ್ದ. ಹೆಂಡತಿ ಸುನಂದಳಿಗೆ ಯಲ್ದೂರಿಗೆ ಹೋಗಿ ಮಾವಿನಹಣ್ಣು ತರುತ್ತೇನೆ ಎಂದಿದ್ದ. ರಸಪೂರಿ ಸಿಕ್ಕರೆ ತನ್ನಿ, ತೋತಾಪುರಿ ತಂದರೆ ನೀವೇ ತಿನ್ನಬೇಕು ಎಂದಳು ಅವಳು. ಒಂದು ಸುಳ್ಳನ್ನು ಸರಿಮಾಡಲು ಹೊರಟವನು ಇನ್ನೊಂದು ಸುಳ್ಳು ಹೇಳಿಯೇ ಮನೆ ಬಿಡಬೇಕಾಯಿತಲ್ಲ ಎಂದು ಬೈಕ್ ಹತ್ತುವಾಗ ತನ್ನ ಮೇಲೆಯೇ ಅಸಹ್ಯವಾಯಿತು.

ಆ ಸರದ ಕೇಸಿಗೆ ಹೋದದ್ದು ಏಪ್ರಿಲ್ ಕೊನೆಯಲ್ಲಿ. ಕರೆ ಬಂದದ್ದು ಹತ್ತು ಗಂಟೆಗೆ, ಹೊರಟ ಗಡಿಬಿಡಿಯಲ್ಲಿ ಬಿಂದುವಿನ ನೀರಿನ ಕ್ಯಾನ್ ಷೆಡ್ಡಿನಲ್ಲೇ ಉಳಿಯಿತು. ಅರ್ಧ ದಾರಿಗೆ ಬಂದಮೇಲೆ ಅವನಿಗೆ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಊರ ಮುಂದೆ ಜೀಪು ನಿಂತಿತು. ಕಳವಾದ ಮನೆ ಯಾವುದೆಂದು ಕೇಳಲು ಡ್ರೈವರ್ ಮುಂದೆ ಹೋದ. ಬಿಂದು ನಾಲಿಗೆಯನ್ನು ಮೊಳದುದ್ದ ಹೊರಹಾಕಿ ಏದುತ್ತಿತ್ತು. ಹಿಪ್ಪುನೇರಳೆ ತೋಟದ ಪಕ್ಕದ ಮೊದಲ ಮನೆಯಿಂದ ಒಬ್ಬ ಹೆಂಗಸು ಬಂದು, ಕಚ್ಚತದಾ ಸಾರ್ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಸಿಲ್ವರ್ ಬೋಗುಣಿ ಹಿಡಿದು ಬಂದಳು. ಬರೀ ನೀರಲ್ಲ. ನೀರು ಮಜ್ಜಿಗೆಗೆ ಒಂದು ತುಂಡು ರಾಗಿಮುದ್ದೆ ಕಿವುಚಿದ್ದಳು. ಅವಳೇ ಅಶ್ವತ್ಥಮ್ಮ, ಆಮೇಲೆ ಕಡತದಲ್ಲಿ ಶಂಕಿತೆಯಾದವಳು. ತರಬೇತಿಯ ಮೊದಲ ದಿನದ ಮೊದಲ ಪಾಠ, ನಾಯಿ ಹ್ಯಾಂಡ್ಲರ್ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಏನನ್ನೂ ಮುಟ್ಟಬಾರದು. ಕೆಲಸಕ್ಕೆ ಇಳಿಯುವ ಮುಂಚೆಯಂತೂ ಮುಟ್ಟಲೇಬಾರದು. ಹತ್ತು ತಿಂಗಳು ಇದನ್ನೇ ಕಲಿತು, ಇದನ್ನೇ ಕಲಿಸಿ ಬಂದವನು ಆ ಹೊತ್ತಿನಲ್ಲಿ ಹಗ್ಗ ಸಡಿಲ ಬಿಟ್ಟ. ನಾಯಿ ಅವನ ಮುಖ ನೋಡಿತು. ಕುಡಿ ಎಂದ. ಬೋಗುಣಿ ತೊಳೆದಿಟ್ಟ ಹಾಗಾಯಿತು, ಅಷ್ಟು ರುಚಿಯಾಗಿ ನೆಕ್ಕಿತು. ಪಾಪ, ಬಿಸಿಲಿಗೆ ಪ್ರಾಣ ಹೋಗಿತ್ತು ಎಂದು ಆ ಹೆಂಗಸು ಅದರ ತಲೆ ಸವರಿದಳು. ಅವನು ಅದನ್ನೂ ಬೇಡವೆನ್ನಲಿಲ್ಲ.

ಕಳವಾದದ್ದು ಚಿಕ್ಕವೆಂಕಟಪ್ಪನ ಮನೆಯಲ್ಲಿ. ರೇಷ್ಮೆ ಹುಳು ಮೇಯಿಸುವ ದೊಡ್ಡ ಕುಳ, ಊರಿನ ಆ ತುದಿಯಲ್ಲಿ ಮನೆ, ಅದಕ್ಕೆ ಅಂಟಿಕೊಂಡೇ ಹುಳುಮನೆ. ಸೊಸೆ ಚಂದ್ರಕಲಾಳ ಸರ ಬೀರುವಿನಿಂದ ಹೋಗಿತ್ತು. ಬೀರುವಿನ ಬಟ್ಟೆ ಮೂಸಿಸಿ ಬಿಂದುವನ್ನು ಬಿಟ್ಟಾಗ ಊರೇ ಹಿಂದೆ ಬಂತು. ಅದು ಹಿತ್ತಲು ದಾಟಿತು, ಹುಳುಮನೆ ಸುತ್ತಿತು, ಒಂದು ಗಳಿಗೆ ಗೊಂದಲಕ್ಕೆ ಬಿದ್ದು ಮೂಗು ಮೇಲೆತ್ತಿತು. ಆಮೇಲೆ ಸೀದಾ ಬೀದಿ ಹಿಡಿಯಿತು. ಜಾಡು ಹಿಡಿದ ನಾಯಿಯ ಮೂಗು ನೆಲ ಬಿಡುವುದಿಲ್ಲ. ಇದರ ಮೂಗು ಗಾಳಿಯಲ್ಲಿತ್ತು, ಬಾಲ ಸಡಿಲವಾಗಿತ್ತು, ಊಟಕ್ಕೆ ಹೋಗುವಾಗಿನ ಓಟ ಅದು. ಐದು ವರ್ಷ ಜತೆಗಿದ್ದವನಿಗೆ ಅದು ಗೊತ್ತಾಗದಿರಲು ಸಾಧ್ಯವಿಲ್ಲ. ಹಿಪ್ಪುನೇರಳೆ ತೋಟದ ತಿರುವಿನಲ್ಲಿಯೇ ಗೊತ್ತಾಗಿತ್ತು. ಅಲ್ಲಿಯೇ ಹಗ್ಗ ಎಳೆದು, ಇವತ್ತು ಜಾಡು ಸಿಗುತ್ತಿಲ್ಲ ಸಾರ್ ಎಂದು ಇನ್ಸ್‌ಪೆಕ್ಟರ್‌ಗೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಬೇಕೆಂದೂ ಇದ್ದ. ಆದರೆ ಹಿಂದೆ ಇನ್ನೂರು ಜನ, ಹಿಡೀತು ಹಿಡೀತು ಎಂಬ ಪಿಸುಮಾತು, ಮೊಬೈಲ್ ಎತ್ತಿ ಹಿಡಿದ ಕೈಗಳು. ತನ್ನ ನಾಯಿಯ ಹಿಂದೆ ಇನ್ನೂರು ಜನ ಓಡುವುದರಲ್ಲಿ ಒಂದು ಸುಖವಿತ್ತು. ಅದನ್ನು ಯಾರ ಮುಂದೆ ಒಪ್ಪಿಕೊಳ್ಳಬೇಕೋ ಅವನಿಗೆ ತಿಳಿಯದು. ಬಿಂದು ಅಶ್ವತ್ಥಮ್ಮನ ಹೊಸ್ತಿಲ ಮುಂದೆ ಹೋಗಿ ಕೂತು ಅವನ ಮುಖ ನೋಡಿತು. ನಾಯಿ ಕೂತರೆ ಬೆನ್ನು ತಟ್ಟಿ ಬಿಸ್ಕತ್ತು ಕೊಡಬೇಕು, ಅದು ಕ್ರಮ. ಕೊಡದಿದ್ದರೆ ಇನ್ಸ್‌ಪೆಕ್ಟರ್ ಯಾಕೆಂದು ಕೇಳುತ್ತಾರೆ. ಅವನು ಬಗ್ಗಿ ಅದರ ಬೆನ್ನು ತಟ್ಟಿ, ಶಬಾಶ್ ಬಿಂದು ಎಂದು ಜೋರಾಗಿಯೇ ಹೇಳಿ ಬಿಸ್ಕತ್ತು ಕೊಟ್ಟ.

ಆ ಶಬಾಶ್ ಈಗಲೂ ಒಮ್ಮೊಮ್ಮೆ ಹಲ್ಲುಜ್ಜುವಾಗ ಬಾಯಿಗೆ ಬರುತ್ತದೆ. ವೇಮಗಲ್ ಕಡೆ ಹೋಗುವ ಕಾರ್ಖಾನೆ ಬಸ್ಸುಗಳು ಹಾರನ್ ಹೊಡೆದು ಹಿಂದೆ ಹಾಕುತ್ತಿದ್ದರೂ ಅವನು ಬೈಕನ್ನು ಎಡಕ್ಕೆ ಹಿಡಿದು ನಿಧಾನವಾಗಿಯೇ ಹೋಗುತ್ತಿದ್ದ. ಆವತ್ತು ನಾಯಿ ಕೂತ ಮೇಲೆ ಮಹಿಳಾ ಪೇದೆಗಳು ಅಶ್ವತ್ಥಮ್ಮನ ಮನೆಯೊಳಗೆ ನುಗ್ಗಿ ಟ್ರಂಕನ್ನು ಬೀದಿಗೆ ತಂದು ಕವುಚಿದ್ದರು. ಎರಡು ಸೀರೆ, ತೇಪೆ ಹಾಕಿದ ಒಳಲಂಗ, ಮಗನ ಹಳೆಯ ಮಾರ್ಕ್ಸ್ ಕಾರ್ಡು. ಒಳಲಂಗವನ್ನು ಪೇದೆ ಎತ್ತಿ ಝಾಡಿಸಿದಾಗ ಗುಂಪಿನಲ್ಲಿ ಯಾರೋ ನಕ್ಕರು. ರಾಗಿ ಡಬ್ಬ ನೆಲಕ್ಕೆ ಸುರಿದರು. ಸರ ಸಿಗಲಿಲ್ಲ. ಅವಳು ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಬಾಗಿಲ ಪಕ್ಕ ಕೂತ ನಾಯಿಯನ್ನೇ ನೋಡುತ್ತಿದ್ದಳು. ಒಂದು ಸಲ ಅವನನ್ನೂ ನೋಡಿದಳು. ಮುದ್ದೆ ಹಾಕಿದ್ದನ್ನು ಈಗ ಹೇಳುತ್ತಾಳೆ ಎಂದುಕೊಂಡ. ಅವಳು ಹೇಳಲಿಲ್ಲ. ಅವಳಿಗೆ ಆ ಸಂಬಂಧವೇ ಹೊಳೆದಿರಲಿಲ್ಲ ಎಂದು ತಿಳಿದಾಗ ಅವನಿಗೆ ಆದದ್ದು ಸಮಾಧಾನ. ಅದು ನೆನಪಾದಾಗಲೆಲ್ಲ ಮುಖ ಬಿಸಿಯಾಗುತ್ತದೆ. ಸಂಜೆ ವರದಿ ಬರೆಯುವಾಗ, ಜಾಡಿಗೆ ಬಿಡುವ ಮುನ್ನ ಶ್ವಾನವು ಅನ್ಯರಿಂದ ಆಹಾರ ಸೇವಿಸಿದೆಯೇ ಎಂಬ ಸಾಲಿನ ಮುಂದೆ ಇಲ್ಲ ಎಂದು ಬರೆದ. ಪೆನ್ನು ನಿಲ್ಲಲಿಲ್ಲ. ಹೌದು ಎಂದು ಬರೆದಿದ್ದರೆ ಏನಾಗುತ್ತಿತ್ತು? ಒಂದು ಮೆಮೊ ಬರುತ್ತಿತ್ತು, ಬಿಂದುವನ್ನು ಅವನ ಕೈಯಿಂದ ತೆಗೆದು ಬೇರೆಯವರಿಗೆ ಕೊಡುತ್ತಿದ್ದರು, ಅವನನ್ನು ಬಂದೋಬಸ್ತಿಗೆ ಹಾಕುತ್ತಿದ್ದರು. ಬಿಂದುವನ್ನು ಬಿಟ್ಟಿರಲಾರೆ, ಅದಕ್ಕೇ ಹಾಗೆ ಬರೆದೆ ಎಂದು ಬಹಳ ದಿನ ತನಗೆ ತಾನೇ ಹೇಳಿಕೊಂಡಿದ್ದ. ಅದೂ ಪೂರ್ತಿ ನಿಜವಲ್ಲ. ಶಾಲೆಗಳಿಗೆ ನಾಯಿಯ ಪ್ರದರ್ಶನಕ್ಕೆ ಹೋದಾಗ ಮೇಷ್ಟ್ರುಗಳು ಎದ್ದು ನಿಂತು ಕುರ್ಚಿ ಕೊಡುತ್ತಿದ್ದರಲ್ಲ, ಅದೂ ಬೇಕಾಗಿತ್ತು.

ಅವನು ಊರು ಮುಟ್ಟಿದಾಗ ಅಶ್ವತ್ಥಮ್ಮ ಬಾಗಿಲ ಮುಂದೆ ಕೂತು ಅವರೆಕಾಳು ಆರಿಸುತ್ತಿದ್ದಳು. ಖಾಕಿ ಬಿಟ್ಟು ಬಣ್ಣದ ಅಂಗಿಯಲ್ಲಿದ್ದರೂ ಗುರುತು ಹಿಡಿದಳು. ಎದ್ದು ಸೆರಗು ಸರಿಮಾಡಿಕೊಂಡು, ನಾಯಿ ಬರಲಿಲ್ವಾ ಸಾರ್ ಎಂದು ಕೇಳಿದಳು. ಇಲ್ಲ, ಇವತ್ತು ರಜೆ ಎಂದ. ಚಾಪೆ ಹಾಸಿದಳು. ಅವನು ಕೂತ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಚಾಪೆಯ ಮೇಲೆ ಕೂತ ಕೂಡಲೇ ಮರೆತುಹೋಯಿತು. ಕೆಲಸಕ್ಕೆ ಹೋಗಲಿಲ್ವಾ ಅಮ್ಮ ಎಂದ. ಹುಳುಮನೆಗಳಿಗೆ ಈಗ ಯಾರೂ ಕರೆಯುವುದಿಲ್ಲ ಎಂದಳು. ದೂರುವ ದನಿಯಲ್ಲಿ ಅಲ್ಲ, ಈ ಸಲ ಅವರೆ ಅಷ್ಟಾಗಿ ಬರಲಿಲ್ಲ ಎನ್ನುವ ಹಾಗೆ. ಮೂವತ್ತು ವರ್ಷ ಎಲ್ಲರ ಹುಳುಮನೆಯಲ್ಲೂ ಸೊಪ್ಪು ಹಾಕಿದ ಕೈ, ಈಗ ಬಾಗಿಲೊಳಗೆ ಬಿಡುವುದಿಲ್ಲ. ಅವರ ತಪ್ಪೇನಿದೆ ಎಂದಳು. ಮನೆಯಲ್ಲಿ ಮಗನಿಲ್ಲವಾ ಎಂದು ಅವನು ಕೇಳಿದ. ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಮಗ ವೇಣುಗೋಪಾಲ ಮಾಲೂರಿನ ಒಂದು ಇಟ್ಟಿಗೆ ಗೂಡಿನಲ್ಲಿದ್ದಾನೆ, ಎರಡು ತಿಂಗಳಾಯಿತು, ಫೋನು ಮಾಡಿದರೆ ಎತ್ತುವುದಿಲ್ಲ. ಯಾಕೆ ಹೋದ ಎಂದು ಕೇಳಬಾರದಿತ್ತು. ಕೇಳಿದ.

"ನಾನೇ ಕಳಿಸ್ದೆ ಸಾರ್. ನಾಯಿ ಮೇಲೆ ನಂಗೇನೂ ಸಿಟ್ಟಿಲ್ಲ. ನನ್ ಕೈ ಮುದ್ದೆ ತಿಂದಿತ್ತು ಅದು. ಉಂಡ ಮನೆ ಅಂತ ದಾಕ್ಷಿಣ್ಯ ನೋಡ್ಬೋದಿತ್ತು. ನೋಡ್ದೆ ನನ್ ಬಾಗಿಲಿಗೇ ಬಂತು ಅಂದ್ರೆ ಅದು ಸತ್ಯವಂತ ಪ್ರಾಣಿ. ನಾನು ತಗೊಂಡಿಲ್ಲ, ಅದು ನಂಗೊತ್ತು. ಹಂಗಾದ್ರೆ ಇನ್ ಯಾರು? ಮನೇಲಿರೋದು ಇಬ್ರೇ ಅಲ್ವಾ."

ದೀಪ ಮುಟ್ಟಿ ಆಣೆ ಮಾಡು ಎಂದು ಮಗನಿಗೆ ಹೇಳಿದಳಂತೆ. ಅವನು ಮಾಡಿದನಂತೆ. ಆದರೂ ನಂಬಲಿಲ್ಲ, ನಾಯಿಗೆ ಸುಳ್ಳು ಹೇಳಿ ಏನು ಆಗಬೇಕಾಗಿದೆ, ನಿನಗಾದರೆ ಆಗಬೇಕಾಗಿದೆ ಎಂದಳಂತೆ. ಆ ಮಾತಿಗೆ ಅವನು ತಟ್ಟೆಯ ಮುಂದಿಂದ ಎದ್ದು ಹೋದ. ಇಪ್ಪತ್ತನಾಲ್ಕು ವರ್ಷ ಸಾಕಿದ ಮಗನ ಆಣೆಗಿಂತ ಒಂದು ದಿನ ನೋಡಿದ ನಾಯಿ ಹೆಚ್ಚಾಯಿತಾ ನಿಂಗೆ ಎಂದು ಬೀದಿಯಲ್ಲಿ ನಿಂತು ಕೇಳಿದನಂತೆ. ಹೆಚ್ಚಾಯಿತು ಅಂದುಬಿಟ್ಟೆ ಸಾರ್ ಎಂದಳು. ಮುನಿಕೃಷ್ಣ ಚಾಪೆಯ ಒಂದು ಎಳೆಯನ್ನು ಕೀಳುತ್ತಿದ್ದ. ಇಷ್ಟು ದಿನ ಅವನು ಕಲ್ಪಿಸಿಕೊಂಡದ್ದು ಊರವರ ಬಾಯಿ, ತಪ್ಪಿದ ಕೂಲಿ, ಬೀದಿಯಲ್ಲಿ ಬಿದ್ದ ಒಳಲಂಗ. ತಾನು ಕೊಟ್ಟ ಒಂದು ಬಿಸ್ಕತ್ತು ಈ ಮನೆಯ ತಟ್ಟೆಯವರೆಗೂ ಬಂದಿರಬಹುದೆಂದು ಯೋಚಿಸಿರಲಿಲ್ಲ. ಎದ್ದು ಹೋಗಿಬಿಡೋಣ, ಯಲ್ದೂರಿಗೆ ಹೋಗಿ ಹಣ್ಣು ತಗೊಂಡು ಮನೆ ಸೇರೋಣ ಎಂದು ಒಂದು ಗಳಿಗೆ ಕಾಲೂ ಮಡಚಿಕೊಂಡ. ಆಮೇಲೆ ಚಾಪೆ ನೋಡುತ್ತಲೇ ಹೇಳಿದ.

"ನಾಯಿ ಸರ ಹುಡುಕ್ಕೊಂಡು ಬರ್ಲಿಲ್ಲ ಅಮ್ಮ. ಮುದ್ದೆ ಹುಡುಕ್ಕೊಂಡು ಬಂತು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನು ಬಿಡಿಸಿ ಹೇಳಿದ: ಕೆಲಸಕ್ಕೆ ಮುಂಚೆ ಬೇರೆಯವರ ಕೈಯಲ್ಲಿ ತಿನ್ನಿಸಬಾರದು, ತಿಂದರೆ ಆ ಜಾಗಕ್ಕೇ ಮನಸ್ಸು ಎಳೆಯುತ್ತದೆ, ಓಡುವಾಗಲೇ ನನಗೆ ಗೊತ್ತಾಯಿತು, ಸುಮ್ಮನಿದ್ದೆ. ವೇಣು ಬಗ್ಗೆ ಆ ನಾಯಿ ಒಂದು ಮಾತೂ ಹೇಳಿಲ್ಲ. ಅವಳು ತನ್ನ ಹೊಸ್ತಿಲನ್ನು ನೋಡಿದಳು, ನಾಯಿ ಕೂತಿದ್ದ ಜಾಗವನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಕೇಳಿಸಿಕೊಳ್ಳಲು ಸಿದ್ಧನಾಗಿ ಬಂದಿದ್ದ, ಒಂದು ಥರದಲ್ಲಿ ಅದಕ್ಕೇ ಬಂದಿದ್ದ. ಅವಳು ಬೈಯಲಿಲ್ಲ. ಅಯ್ಯೋ ನನ್ ಮಗನೇ ಎಂದಳು, ಆಮೇಲೆ ತೆಲುಗಿನಲ್ಲಿ ಏನೋ ಹೇಳಿಕೊಳ್ಳುತ್ತ ಒಳಗೆ ಹೋಗಿ ವೇಣುವಿನ ಐಟಿಐ ಕಾಲದ ಒಂದು ನೋಟ್‌ಬುಕ್ಕು, ಪೆನ್ನು ತಂದಳು.

"ಈಗ ಹೇಳಿದ್ರಲ್ಲ ನಾಯ್ನಾ, ಅದನ್ನ ಬರ್ದು ಕೊಡಿ. ನನ್ ಬಾಯ್ ಮಾತು ಅವ್ನು ನಂಬಲ್ಲ. ಬರ್ದಿದ್ರೆ ಓದ್ತಾನೆ. ನೀವು ಅಲ್ಲಿಗೆ ಹೋಗ್ಬೇಡಿ, ಪೊಲೀಸ್ನೋರು ಬಂದ್ರು ಅಂದ್ರೆ ಆ ಕೆಲ್ಸಾನೂ ಹೋಗ್ತದೆ."

ಸಾರ್ ಹೋಗಿ ನಾಯ್ನಾ ಬಂದಿತ್ತು, ಅಪ್ಪಾ ಎನ್ನುವ ಹಾಗೆ. ಮನೆಯಲ್ಲಿ ತೆಲುಗು ಆಡುವ ಅವನ ಅಜ್ಜಿಯೂ ಅವನನ್ನು ಹಾಗೆಯೇ ಕರೆಯುತ್ತಿದ್ದಳು. ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಾಯಲ್ಲಿ ಹೇಳುವುದು ಬೇರೆ, ಬರೆಯುವುದು ಬೇರೆ ಎಂದು ಪೆನ್ನು ಹಿಡಿದಾಗ ಗೊತ್ತಾಯಿತು. ಬಾಯಲ್ಲಿ ಹೇಳಿದ್ದು ಈ ಚಾಪೆಯ ಮೇಲೆ ಉಳಿಯುತ್ತದೆ. ಬರೆದದ್ದು ಮಾಲೂರಿಗೆ ಹೋಗುತ್ತದೆ, ಯಾರಾದರೂ ಫೋಟೋ ಹಿಡಿಯುತ್ತಾರೆ, ಅದು ಠಾಣೆಗೆ ಬರುತ್ತದೆ, ಅಲ್ಲಿ ಅವನದೇ ಕೈಬರಹದಲ್ಲಿ ಇಲ್ಲ ಎಂದು ಬರೆದ ವರದಿ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರಿಯ ಮುಖ ಕಣ್ಣಿಗೆ ಬಂತು. ಷೆಡ್ಡಿನಲ್ಲಿ ಇನ್ನೊಬ್ಬನ ಮಂಡಿಗೆ ಒರಗಿ ನಿಂತ ಬಿಂದು ಕಣ್ಣಿಗೆ ಬಂತು. ಅವಳು ಎದುರಿಗೇ ಕುಕ್ಕರಗಾಲಲ್ಲಿ ಕೂತು ಪೆನ್ನಿನ ತುದಿಯನ್ನು ನೋಡುತ್ತಿದ್ದಳು. ಅಕ್ಷರ ಬಾರದವಳು, ಬಹಳ ಗೌರವದಿಂದ. ಪೆನ್ನು ತಾನಾಗಿಯೇ ಹೊರಟಿತು. ಸದರಿ ದಿನದಂದು ಬಿಸಿಲಿನ ತಾಪದಿಂದ ಶ್ವಾನವು ದಣಿದಿದ್ದು, ಜಾಡು ಖಚಿತವಾಗಿರಲಿಲ್ಲ ಎಂದು ಅಭಿಪ್ರಾಯಪಡಬಹುದಾಗಿರುತ್ತದೆ. ಅಷ್ಟು ಬರೆದು, ಕೆಳಗೆ ಯಾರದೆಂದು ತಿಳಿಯದ ಹಾಗೆ ಒಂದು ಸಹಿ ಗೀಚಿದ. ಸುಳ್ಳೂ ಅಲ್ಲವಲ್ಲ ಎಂದು ಮನಸ್ಸು ಆಗಲೇ ವಕಾಲತ್ತಿಗೆ ನಿಂತಿತ್ತು. ಹಾಳೆ ಹರಿದು ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ.

"ಒಂದ್ಸಲ ಓದಿ ನಾಯ್ನಾ. ಕೇಳಿಸ್ಕೊತೀನಿ."

ಮುನಿಕೃಷ್ಣ ಹಾಳೆಯನ್ನು ಮುಖದ ಮುಂದೆ ಹಿಡಿದ. ಆ ಸದರಿಯನ್ನು ಅವಳ ಮುಖದೆದುರು ಓದಲು ನಾಲಿಗೆ ಏಳಲಿಲ್ಲ. ಓದಿದ: ವೇಣುಗೋಪಾಲ, ನಿಮ್ಮ ಅಮ್ಮ ಹಸಿದ ನಾಯಿಗೆ ಮುದ್ದೆ ಹಾಕಿದ್ದರು. ಮುದ್ದೆ ತಿಂದ ಬಾಗಿಲಿಗೇ ನಾಯಿ ಬಂದು ಕೂತಿತು. ಇದರಲ್ಲಿ ನಿಮ್ಮ ತಪ್ಪಿಲ್ಲ, ನಿಮ್ಮ ಅಮ್ಮನ ತಪ್ಪೂ ಇಲ್ಲ. ಗೊತ್ತಿದ್ದೂ ಸುಮ್ಮನಿದ್ದದ್ದು ನನ್ನ ತಪ್ಪು. ಇಂತಿ, ಮುನಿಕೃಷ್ಣ. ಇಷ್ಟೇ ಬರೆಯಬೇಕಾಗಿದ್ದದ್ದು. ಎಷ್ಟು ಸುಲಭವಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಅಶ್ವತ್ಥಮ್ಮ ಕಣ್ಣೊರೆಸಿಕೊಂಡು ಇನ್ನೊಂದು ಸಲ ಎಂದಳು. ಅವನು ಇನ್ನೊಂದು ಸಲ ಓದಿದ. ಕಣ್ಣು ಸದರಿ ದಿನದ ಮೇಲೆ, ಬಾಯಿ ಮುದ್ದೆಯ ಮೇಲೆ. ಎರಡನೇ ಸಲ ಹಸಿದ ನಾಯಿ ಎನ್ನುವುದನ್ನು ದಣಿದ ನಾಯಿ ಎಂದುಬಿಟ್ಟ. ಅವಳು ಗಮನಿಸಲಿಲ್ಲ. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ, ಮೊದಲು ಇದನ್ನು ಚಿಕ್ಕವೆಂಕಟಪ್ಪನವರ ಮನೆಯಲ್ಲಿ ಓದಿಸುತ್ತೇನೆ, ಆಮೇಲೆ ಮಗನಿಗೆ ಕಳಿಸುತ್ತೇನೆ ಎಂದು ಎದ್ದಳು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದಳು.

ಅವನು ಹಿಂದೆ ಓಡಿದ. ಬೈಕು ಅಲ್ಲೇ ಇತ್ತು, ಬೀಗದ ಕೈ ಜೇಬಲ್ಲೇ ಇತ್ತು, ಆದರೂ ಅವಳ ಹಿಂದೆಯೇ ಓಡಿದ. ಅಮ್ಮ, ಕೊಡಿ, ಒಂದು ತಪ್ಪಾಗಿದೆ, ಬೇರೆ ಬರೆದುಕೊಡುತ್ತೇನೆ ಎಂದ. ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಬರೆಯುವವನಿದ್ದ. ಬೀದಿಯ ಕಲ್ಲಿನ ಮೇಲೆ ಕೂತಾದರೂ ಓದಿದ್ದನ್ನೇ ಅಕ್ಷರ ಬಿಡದೆ ಬರೆಯುವವನಿದ್ದ. ಅವಳು ನಡೆಯುತ್ತಲೇ ಹಾಳೆಯನ್ನು ಎದೆಗೆ ಒತ್ತಿಕೊಂಡಳು.

"ಬೇಡ ನಾಯ್ನಾ. ನೀವು ಓದಿದ್ರಲ್ಲ, ಅಷ್ಟು ಸಾಕು. ಈಗ ಕೊಟ್ರೆ ನಿಮ್ ಮನ್ಸು ಬದ್ಲಾಗ್ತದೆ."

ಬೀದಿಯಲ್ಲಿ ಜನ ಎದ್ದು ನಿಂತರು. ನಾಯಿ ಸಾರ್ ಬಂದವ್ರೆ ಎಂದು ಯಾರೋ ಹೇಳಿದರು. ಎರಡು ತಿಂಗಳ ಹಿಂದೆ ಇದೇ ಬೀದಿಯಲ್ಲಿ ಅವನ ಹಿಂದೆ ಜನ ಓಡಿದ್ದರು, ಈಗ ಅವನು ಬರಿಗಾಲಿನ ಹೆಂಗಸಿನ ಹಿಂದೆ ಬೆವರುತ್ತ ಓಡುತ್ತಿದ್ದ. ಚಿಕ್ಕವೆಂಕಟಪ್ಪ ಜಗುಲಿಯಲ್ಲಿ ಕೂತಿದ್ದ. ಅಶ್ವತ್ಥಮ್ಮನನ್ನು ಕಂಡು ಮುಖ ಗಂಟು ಹಾಕಿದವನು ಹಿಂದೆ ಮುನಿಕೃಷ್ಣನನ್ನು ಕಂಡು ಎದ್ದು ಕುರ್ಚಿ ಎಳೆದ. ಸೊಸೆ ಚಂದ್ರಕಲಾ ಒಳಗಿಂದ ಬಂದಳು. ಅಶ್ವತ್ಥಮ್ಮ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಕೈ ಚಾಚಿ ಹಾಳೆ ಕೊಟ್ಟು, ಜೋರಾಗಿ ಓದಮ್ಮ, ಮಾವನೋರೂ ಕೇಳಿಸ್ಕೊಳ್ಲಿ ಎಂದಳು. ಚಂದ್ರಕಲಾ ಮಡಿಕೆ ಬಿಡಿಸಿದಳು. ಸದರಿ ದಿನದಂದು ಬಿಸಿಲಿನ ತಾಪದಿಂದ ಎಂದು ಶುರುಮಾಡಿ ಇರುತ್ತದೆ ಎನ್ನುವವರೆಗೆ ಓದಿ ಮುಗಿಸಿದಳು.

ಅಶ್ವತ್ಥಮ್ಮ ಇನ್ನೂ ಕಾಯುತ್ತಿದ್ದಳು. "ಅದಲ್ಲಮ್ಮ," ಎಂದಳು. "ಮೇಲಿಂದ ಓದು. ವೇಣುಗೋಪಾಲ ಅಂತ ಐತೆ ನೋಡು. ಆಮೇಲೆ ಮುದ್ದೆ ಬರ್ತದೆ."

ಚಂದ್ರಕಲಾ ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದಳು. ಹಿಂದೆ ಏನೂ ಇರಲಿಲ್ಲ. ಅವಳು ಮುನಿಕೃಷ್ಣನ ಮುಖ ನೋಡಿದಳು, ನೋಡಿ ಅಲ್ಲಿಯೇ ನಿಂತಳು. ಓದು ಬಲ್ಲ ಆ ಹುಡುಗಿಗೆ ಅರ್ಥವಾಗಿಹೋಗಿತ್ತು.  ಪೊಲೀಸ್ ಬರವಣಿಗೆ ಇವಳಿಗೆ ಓದಕ್ಕೆ ಬರಲ್ಲ ಅನ್ಸ್ತದೆ ಎಂದು ಅಶ್ವತ್ಥಮ್ಮ ಚಂದ್ರಕಲಾಳ ಕೈಯಿಂದ ಹಾಳೆ ತೆಗೆದು, ದಾರಿಯುದ್ದಕ್ಕೂ ಕೊಡದಿದ್ದದ್ದನ್ನು ಈಗ ತಾನಾಗಿಯೇ ಅವನ ಕೈಗೆ ಇಟ್ಟಳು. ನೀವೇ ಓದಿ ನಾಯ್ನಾ, ಆಗ ಓದಿದ್ರಲ್ಲ ಹಂಗೇ ಎಂದಳು. ಚಿಕ್ಕವೆಂಕಟಪ್ಪ ಕಿವಿಯ ಹಿಂದೆ ಕೈಯಿಟ್ಟುಕೊಂಡ. ಮುನಿಕೃಷ್ಣ ಹಾಳೆ ನೋಡಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಇದ್ರಲ್ಲಿ ಅದಿಲ್ಲ ಅಮ್ಮ," ಎಂದ. "ನಾನು ಬರ್ದಿಲ್ಲ."

ಅವಳು ಒಂದು ಸಲ ಹಾಳೆಯನ್ನು, ಒಂದು ಸಲ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ದನಿಯಲ್ಲೇ ಕೇಳಿದಳು.

"ಹಂಗಾದ್ರೆ ಎರಡು ಸಲ ಓದಿದ್ದು ಏನು ನಾಯ್ನಾ?"